ತೂಕ ಬರೆದಾಯ್ತು, ಮಗು ಓಡಾಡೋದು ನೋಡಿದ್ರಾ?

ತಿಂಗಳಿಗೊಮ್ಮೆ ಹತ್ತು ನಿಮಿಷ ಅಂಗನವಾಡಿಗೆ ಬಂದು ಹೋಗುವ 1ರಿಂದ 3 ವರ್ಷದ ಮಕ್ಕಳ ಕಸುವನ್ನು ಅಳೆಯುವವರು ಯಾರು?

ಕೈಲಾಂಚ (ರಾಮನಗರ): ಅಂಗನವಾಡಿಯಲ್ಲಿ ತೂಕದ ದಿನ ಅಂದ್ರೆ ಸಣ್ಣ ಜಾತ್ರೆ ಇದ್ದ ಹಾಗೆ. ಸೊಂಟದ ಮೇಲೆ ಮಗು ಎತ್ತಿಕೊಂಡು ತಾಯಂದಿರು, ಅಜ್ಜಿಯರು ಬರ್ತಾರೆ. ತಕ್ಕಡಿ ಮೇಲೆ ಕೂರಿಸಿದ ತಕ್ಷಣ ಮಗು ಅಳು ಶುರು ಮಾಡುತ್ತೆ. ಸಹಾಯಕಿ ಸಮಾಧಾನ ಮಾಡ್ತಾರೆ, ಟೀಚರ್ ತೂಕ ನೋಡಿ ಬರ್ಕೋತಾರೆ. ಎತ್ತರ ಅಳೆದು ಮೊಬೈಲಿಗೆ ಹಾಕ್ತಾರೆ. ಆಹಾರದ ಪೊಟ್ಟಣ ಕೈಗೆ ಬರುತ್ತೆ. ಮಗು ಮತ್ತೆ ಸೊಂಟ ಏರುತ್ತೆ, ಮನೆಗೆ ಹೋಗುತ್ತೆ.

ಈ ಹತ್ತು ನಿಮಿಷದಲ್ಲಿ ಮಗುವಿನ ಕಾಲು ನೆಲಕ್ಕೆ ತಾಗಿದ್ದೇ ಅಪರೂಪ. ಅದು ಒಂದು ಹೆಜ್ಜೆ ನಡೆದಿದ್ದನ್ನೂ ಯಾರೂ ನೋಡಿರಲ್ಲ. ನೋಡಬೇಕು ಅಂತ ಯಾರಿಗೂ ಅನ್ನಿಸಿರಲ್ಲ.

ಕೈಲಾಂಚ ಹೋಬಳಿ ಒಂದರ ಕಥೆಯಲ್ಲ ಇದು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಗೂ, ರಾಜ್ಯದ ಬೇರೆ ಹಳ್ಳಿಗಳಿಗೂ ಅನ್ವಯಿಸುವ ಮಾತು. ಮಗು ಎಷ್ಟು ತೂಗುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಅದೇ ಮಗುವಿಗೆ ಎಷ್ಟು ಕಸುವಿದೆ, ಓಡುತ್ತಾ, ಹತ್ತುತ್ತಾ, ನೆಗೆಯುತ್ತಾ ಅನ್ನೋದನ್ನು ಬರೆದಿಡುವ ಅಭ್ಯಾಸ ಇಲ್ಲ.

ಐವತ್ತು ವರ್ಷದ ತಕ್ಕಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. 2025ರ ಅಕ್ಟೋಬರ್‌ಗೆ ಯೋಜನೆಗೆ ಐವತ್ತು ತುಂಬಿತು. ಈ ಐವತ್ತು ವರ್ಷದಲ್ಲಿ ಅಂಗನವಾಡಿಯ ಗುರುತಾಗಿ ಉಳಿದಿದ್ದು ಎರಡು: ಊಟ ಮತ್ತು ತಕ್ಕಡಿ.

ತಕ್ಕಡಿ ಕೆಲಸಕ್ಕೆ ಬಾರದ್ದು ಅಂತ ಯಾರೂ ಹೇಳುವ ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಶೇ 32.9ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕ ಇಲ್ಲ. ಶೇ 19.5ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಇಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ಅಂದ್ರೆ ತೂಕದ ಲೆಕ್ಕ ಸ್ವಲ್ಪ ಸುಧಾರಿಸಿದರೂ ರಕ್ತದ ಲೆಕ್ಕ ಕೆಳಗೆ ಹೋಗಿದೆ.

ಇಲ್ಲೇ ಒಂದು ಸುಳಿವಿದೆ. ತೂಕ ಸರಿ ಇರುವ ಮಗುವಿಗೂ ರಕ್ತ ಕಡಿಮೆ ಇರಬಹುದು. ರಕ್ತ ಕಡಿಮೆ ಇರುವ ಮಗು ಬೇಗ ಸುಸ್ತಾಗುತ್ತೆ, ಆಟಕ್ಕೆ ಹೋಗದೆ ಕೂತಲ್ಲೇ ಕೂರುತ್ತೆ. ತಕ್ಕಡಿಗೆ ಅದು ಕಾಣಲ್ಲ. ಮಗುವನ್ನು ಅಂಗಳಕ್ಕೆ ಬಿಟ್ಟು ನೋಡಿದವರಿಗೆ ಕಾಣುತ್ತೆ.

ಇರುವ ಅಳತೆಯಾದರೂ ಸರಿಯಾಗಿದೆಯಾ?

ಕಸುವಿನ ಮಾತಿಗೆ ಹೋಗುವ ಮುಂಚೆ ಈಗಿರುವ ಅಳತೆ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಹೊಸ ಮಾನದಂಡ ಪ್ರಕಟಿಸಿತು. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು ಅದು. ನಮ್ಮ ದೇಶದಿಂದ ದೆಹಲಿ ಮಕ್ಕಳು ಅದರಲ್ಲಿದ್ದರು. ಚೆನ್ನಾಗಿ ಹಾಲುಣಿಸಿ, ಚೆನ್ನಾಗಿ ನೋಡಿಕೊಂಡರೆ ಯಾವ ದೇಶದ ಮಗುವಾದರೂ ಹೆಚ್ಚುಕಮ್ಮಿ ಒಂದೇ ರೀತಿ ಬೆಳೆಯುತ್ತೆ ಅನ್ನೋದು ಅದರಿಂದ ತಿಳಿದ ದೊಡ್ಡ ವಿಷಯ. "ನಮ್ಮ ವಂಶವೇ ಕುಳ್ಳು ಕಣಮ್ಮ" ಅಂತ ಅಜ್ಜಿಯರು ಹೇಳುವ ಮಾತಿಗೆ ಈ ವಯಸ್ಸಿನಲ್ಲಿ ಅಷ್ಟು ಆಧಾರ ಇಲ್ಲ.

ಆ ಮಾನದಂಡದ ಪ್ರಕಾರ ಎರಡು ವರ್ಷದ ಗಂಡು ಮಗುವಿನ ಮಧ್ಯಮ ತೂಕ 12.2 ಕೆ.ಜಿ. ಅದೇ ಮಗು 9.7 ಕೆ.ಜಿ.ಗಿಂತ ಕೆಳಗೆ ಬಂದರೆ ಕಡಿಮೆ ತೂಕ, 8.6 ಕೆ.ಜಿ.ಗಿಂತ ಕೆಳಗಾದರೆ ತೀವ್ರ ಕಡಿಮೆ ತೂಕ. ಹೆಣ್ಣು ಮಗುವಾದರೆ ಮಧ್ಯಮ ತೂಕ 11.5 ಕೆ.ಜಿ., ಗಡಿ 9 ಕೆ.ಜಿ.

ಈಗ ಲೆಕ್ಕ ಹಾಕಿ. 9.6 ಕೆ.ಜಿ. ಇರುವ ಹುಡುಗನನ್ನು ಸ್ವೆಟರ್, ಕಾಲುಗಡಗ ಸಮೇತ ತೂಗಿದರೆ 9.9 ಬರಬಹುದು. ಮುನ್ನೂರು ಗ್ರಾಂ ವ್ಯತ್ಯಾಸದಲ್ಲಿ ಆ ಮಗು ಕಡಿಮೆ ತೂಕದ ಪಟ್ಟಿಯಿಂದ ಹೊರಗೆ ಹೋಯ್ತು. ಎತ್ತರದ್ದೂ ಹೀಗೇ. ಎರಡು ವರ್ಷದೊಳಗಿನ ಮಗುವನ್ನು ಅಳತೆ ಹಲಗೆ ಮೇಲೆ ಮಲಗಿಸಿ ಉದ್ದ ನೋಡಬೇಕು. ಎರಡು ವರ್ಷ ದಾಟಿದ ಮೇಲೆ ನಿಲ್ಲಿಸಿ ಅಳೆಯಬೇಕು. ಮಲಗಿಸಿದಾಗ ಸಿಗುವ ಅಳತೆ ನಿಲ್ಲಿಸಿದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ. ತಲೆ ಹಿಡಿಯಲು ಒಬ್ಬರು, ಮಂಡಿ ಒತ್ತಿ ಪಾದ ನೇರ ಮಾಡಲು ಇನ್ನೊಬ್ಬರು ಬೇಕು. ಒಬ್ಬರೇ ಮಾಡಿದರೆ ಅಳತೆ ತಪ್ಪೋದು ಖಂಡಿತ.

ತೋಳಿನ ಸುತ್ತಳತೆ ಪಟ್ಟಿ ಇದಕ್ಕಿಂತ ಸುಲಭ. ಎಡತೋಳಿನ ಭುಜ ಮತ್ತು ಮೊಣಕೈ ನಡುವಿನ ಜಾಗದಲ್ಲಿ ಸುತ್ತಿದರೆ ಆಯ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 12.5 ಸೆಂ.ಮೀ. ಇದ್ದರೆ ಅಥವಾ ಮೀರಿದರೆ ಹಸಿರು. 11.5ರಿಂದ 12.5ರ ನಡುವೆ ಹಳದಿ. 11.5ಕ್ಕಿಂತ ಕಡಿಮೆ ಆದ್ರೆ ಕೆಂಪು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮಗು. ಬಿಗಿಯಾಗಿ ಎಳೆದರೂ ಕಷ್ಟ, ಸಡಿಲ ಬಿಟ್ಟರೂ ಕಷ್ಟ.

ಒಂದೇ ತೂಕ, ಎರಡು ಮಕ್ಕಳು

ಎಲ್ಲ ಅಳತೆಯೂ ಸರಿಯಾಗಿಯೇ ನಡೆದಿದೆ ಅಂದುಕೊಳ್ಳೋಣ. ಎರಡು ವರ್ಷದ ಇಬ್ಬರು ಹುಡುಗರು, ಇಬ್ಬರದೂ ತೂಕ ಹತ್ತೂವರೆ ಕೆ.ಜಿ. ವಯಸ್ಸಿಗೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಹಸಿರು. ಒಬ್ಬ ಅಂಗನವಾಡಿ ಮೆಟ್ಟಿಲು ಹತ್ತಿ ಇಳಿದು, ಚೆಂಡು ಒದ್ದು, ಕೋಳಿ ಹಿಂದೆ ಓಡ್ತಾನೆ. ಇನ್ನೊಬ್ಬ ಗೋಡೆ ಹಿಡಿದರೆ ಮಾತ್ರ ನಿಲ್ಲುತ್ತಾನೆ. ದಾಖಲೆಯಲ್ಲಿ ಇಬ್ಬರೂ ಒಂದೇ. ಎರಡನೇ ಹುಡುಗನಿಗೆ ತಕ್ಷಣ ವೈದ್ಯರು ಬೇಕು. ಆದರೆ "ನಿಮ್ಮ ಮಗು ನಾರ್ಮಲ್" ಅನ್ನೋ ಉತ್ತರ ತಗೊಂಡು ಆ ತಾಯಿ ಮನೆಗೆ ಹೋಗಿರ್ತಾಳೆ.

ಮನೆಯವರಿಗೆ ಗೊತ್ತಾಗಲ್ವಾ? ಗೊತ್ತಾಗಿರುತ್ತೆ. ಆದ್ರೆ "ಇವರಪ್ಪನೂ ಲೇಟಾಗೇ ನಡೆದಿದ್ದು", "ಗಂಡು ಮಕ್ಕಳು ನಿಧಾನ", "ದೃಷ್ಟಿ ಆಗಿದೆ" ಅಂತ ಆರು ತಿಂಗಳು, ವರ್ಷ ಕಳೆದುಹೋಗುತ್ತೆ. ರಕ್ತಹೀನತೆ, ಡಿ ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಹುಟ್ಟಿನಿಂದಲೇ ಸೊಂಟದ ಕೀಲು ಜಾರಿರುವುದು, ಮೆದುಳಿಗೆ ಪೆಟ್ಟಾಗಿರುವುದು ಹೀಗೆ ತಡವಾಗಿ ನಡೆಯಲು ಕಾರಣ ಹಲವು. ಇವುಗಳಲ್ಲಿ ಬಹುತೇಕಕ್ಕೆ ಬೇಗ ಹಿಡಿದರೆ ಚಿಕಿತ್ಸೆ ಸುಲಭ, ತಡವಾದಷ್ಟೂ ಕಷ್ಟ.

ಯಾವ ತಿಂಗಳಿಗೆ ಏನು?

ತೂಕಕ್ಕೆ ಇರುವ ಹಾಗೆ ಓಡಾಟಕ್ಕೂ ಮಾನದಂಡ ಇದೆ. 2006ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆರು ಹಂತಗಳನ್ನು ತಿಂಗಳ ಲೆಕ್ಕದಲ್ಲಿ ಪ್ರಕಟಿಸಿತು. ಒಂದೇ ತಾರೀಕು ಹೇಳದೆ, ಇಷ್ಟರಿಂದ ಇಷ್ಟರೊಳಗೆ ಅಂತ ಕಿಟಕಿ ಬಿಟ್ಟಿದೆ. ಈ ಕಿಟಕಿಯೊಳಗೆ ಯಾವಾಗ ಮಾಡಿದರೂ ಸರಿ:

- ಆಸರೆ ಇಲ್ಲದೆ ಕೂರುವುದು: 3.8ರಿಂದ 9.2 ತಿಂಗಳು
- ಹಿಡಿದುಕೊಂಡು ನಿಲ್ಲುವುದು: 4.8ರಿಂದ 11.4 ತಿಂಗಳು
- ಅಂಬೆಗಾಲಿಡುವುದು: 5.2ರಿಂದ 13.5 ತಿಂಗಳು
- ಹಿಡಿದುಕೊಂಡು ನಡೆಯುವುದು: 5.9ರಿಂದ 13.7 ತಿಂಗಳು
- ತಾನೇ ನಿಲ್ಲುವುದು: 6.9ರಿಂದ 16.9 ತಿಂಗಳು
- ತಾನೇ ನಡೆಯುವುದು: 8.2ರಿಂದ 17.6 ತಿಂಗಳು

ಕೆಲವು ಮಕ್ಕಳು ಅಂಬೆಗಾಲಿಡದೆಯೇ ನೇರ ಎದ್ದು ನಡೀತಾರೆ. ಆ ಅಧ್ಯಯನದಲ್ಲೇ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಹಾಗಿದ್ದರು. ಅದಕ್ಕೆ ಗಾಬರಿ ಬೇಡ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಬೇಕು. ಆದ್ರೆ ಒಂದೂವರೆ ವರ್ಷ ತುಂಬಿದರೂ ತಾನಾಗಿ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅದರಲ್ಲಿ "ನೋಡೋಣ" ಅನ್ನೋ ಮಾತು ಬೇಡ.

ನಡೆದ ಮೇಲೆ ಮುಂದೇನು? ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಓಡ್ತಾರೆ, ಚೆಂಡು ಒದೀತಾರೆ, ಹಿಡಿದುಕೊಂಡೋ ಹಿಡಿಯದೆಯೋ ನಾಲ್ಕು ಮೆಟ್ಟಿಲು ಹತ್ತುತ್ತಾರೆ. ಎರಡೂವರೆ ವರ್ಷಕ್ಕೆ ಎರಡೂ ಕಾಲು ಎತ್ತಿ ನೆಲದಿಂದ ನೆಗೀತಾರೆ. ನಮ್ಮ ದೇಶದಲ್ಲೇ ತಯಾರಾದ ಪಟ್ಟಿಗಳೂ ಇವೆ. ಎರಡು ವರ್ಷದೊಳಗಿನ ಮಕ್ಕಳಿಗೆ 17 ಅಂಶಗಳ ತಿರುವನಂತಪುರ ಪಟ್ಟಿ ಅಂಥದ್ದೊಂದು. ಅದನ್ನು ಮಾಡಿದ್ದೇ ಹೆಚ್ಚು ತರಬೇತಿ ಇಲ್ಲದ ಕಾರ್ಯಕರ್ತೆಯರೂ ಕೆಲವೇ ನಿಮಿಷದಲ್ಲಿ ಬಳಸಲಿ ಅಂತ.

ಶಾಲೆ ಮಕ್ಕಳ ಫಿಟ್‌ನೆಸ್ ಟೆಸ್ಟ್ ಇಲ್ಲಿ ನಡೆಯಲ್ಲ

ಹಾಗಾದ್ರೆ ಅಂಗನವಾಡಿ ಮಕ್ಕಳಿಗೂ ಓಟ, ಜಿಗಿತದ ಪರೀಕ್ಷೆ ಇಟ್ಟುಬಿಡೋಣ ಅಂತ ಯಾರಾದರೂ ಹೇಳಬಹುದು. ಅದು ಕೆಲಸಕ್ಕೆ ಬರಲ್ಲ.

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆ ಶುರುವಾಗುವುದೇ ಐದು ವರ್ಷದಿಂದ. 5ರಿಂದ 8 ವರ್ಷದವರಿಗೆ ಎತ್ತರ-ತೂಕದ ಅನುಪಾತ, ಒಂಟಿ ಕಾಲಿನಲ್ಲಿ ನಿಲ್ಲುವುದು, ಎರಡು ತಟ್ಟೆಗಳನ್ನು ಬೇಗ ಬೇಗ ಮುಟ್ಟುವುದು, ಇಷ್ಟೇ. ಸ್ಪೇನ್‌ನ ಸಂಶೋಧಕರು ಇನ್ನೂ ಕೆಳಗೆ ಇಳಿದು 3ರಿಂದ 5 ವರ್ಷದ ಮಕ್ಕಳಿಗೆ ಪ್ರಿಫಿಟ್ ಎಂಬ ಪರೀಕ್ಷೆ ಮಾಡಿದ್ದಾರೆ. ಕೈಹಿಡಿತದ ಬಲ, ನಿಂತಲ್ಲಿಂದ ಉದ್ದ ಜಿಗಿತ, ಅತ್ತಿಂದಿತ್ತ ಓಟ, ಒಂಟಿ ಕಾಲಿನ ನಿಲುವು ಅದರಲ್ಲಿವೆ. ಆದರೆ ಓಟದಲ್ಲಿ ಮಕ್ಕಳ ಜೊತೆ ದೊಡ್ಡವರೂ ಓಡಬೇಕು. ಇಲ್ಲ ಅಂದ್ರೆ ಮಗು ಅರ್ಧ ದಾರಿಯಲ್ಲಿ ಚಿಟ್ಟೆ ನೋಡ್ತಾ ನಿಂತುಬಿಡುತ್ತೆ.

ಮೂರು ವರ್ಷದೊಳಗೆ ಇದೂ ಸಾಧ್ಯ ಇಲ್ಲ. ಒಂದೂವರೆ ವರ್ಷದ ಮಗುವಿಗೆ "ಜೋರಾಗಿ ಓಡು" ಅಂದ್ರೆ ಅರ್ಥ ಆಗಲ್ಲ. ಅರ್ಥ ಆದ್ರೂ ಮನಸ್ಸು ಬಂದ್ರೆ ಓಡುತ್ತೆ, ಇಲ್ಲ ಅಂದ್ರೆ ಅಮ್ಮನ ಸೆರಗು ಹಿಡಿಯುತ್ತೆ. ನಿದ್ದೆ, ಹಸಿವು, ಹಲ್ಲು ಬರುವ ನೋವು, ಹೊಸ ಮುಖದ ಭಯ, ಎಲ್ಲವೂ ಆ ದಿನದ ಫಲಿತಾಂಶ ಬದಲಿಸುತ್ತೆ. ಆದ್ದರಿಂದ ಈ ವಯಸ್ಸಿಗೆ ಸ್ಟಾಪ್‌ವಾಚ್ ಬೇಡ. ಮಗು ತಾನಾಗಿ ಆಡುವಾಗ ಏನೇನು ಮಾಡುತ್ತೆ ಅಂತ ಗಮನಿಸಿ, ಮಾಡುತ್ತೆ, ಮಾಡಲ್ಲ ಅಂತ ಬರೆದಿಡುವುದೇ ಇಲ್ಲಿಯ ಅಳತೆ. ಇವತ್ತು ಮಾಡದಿದ್ದರೆ ಇನ್ನೊಂದು ದಿನ ನೋಡಬೇಕು, ತಾಯಿಯನ್ನು ಕೇಳಬೇಕು.

ಈ ಅಳತೆ ಪೈಪೋಟಿಗೂ ಅಲ್ಲ. "ನಮ್ಮ ಮಗ ಹತ್ತೇ ತಿಂಗಳಿಗೆ ನಡೆದ" ಅಂತ ಹೇಳಿಕೊಳ್ಳುವವರಿಗೆ ಖುಷಿ ಇರಲಿ. ಹದಿನೈದು ತಿಂಗಳಿಗೆ ನಡೆದ ಪಕ್ಕದ ಮನೆ ಮಗು ಅವನಿಗಿಂತ ಕಮ್ಮಿ ಅಂತ ಅರ್ಥ ಅಲ್ಲ.

ಗೂಡು ನೋಡುವ ಕಣ್ಣು ಮಗುವಿಗೂ ಬೇಕು

ಈ ಸೀಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಷ್ಯಾದಲ್ಲೇ ದೊಡ್ಡದು ಎನ್ನಿಸಿಕೊಂಡ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತೂಕ ಒಂದನ್ನೇ ನೋಡಿ ಯಾರೂ ರೇಟ್ ಹೇಳಲ್ಲ. ರೀಲರ್ ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡ್ತಾರೆ. ಹುಳು ಸಾಕುವ ಮನೆಯಲ್ಲೂ ಅಷ್ಟೇ. ಸೊಪ್ಪು ಹಾಕಿದಾಗ ಹುಳು ಚುರುಕಾಗಿ ಮೇಲೆ ಬರುತ್ತಾ, ಸಪ್ಪಗೆ ಬಿದ್ದಿದೆಯಾ ಅಂತ ನೋಡಿಯೇ ಬೆಳೆ ಹೇಗಿದೆ ಅಂತ ಹೇಳುವವರು ಇಲ್ಲಿಯ ಹೆಣ್ಣುಮಕ್ಕಳು. ಹುಳು ದೊಡ್ಡದಾದ ಹಾಗೆ ಜಾಗ ಬಿಡಬೇಕು, ಒತ್ತೊತ್ತಾಗಿದ್ದರೆ ಬೆಳೆ ಕೆಡುತ್ತೆ ಅನ್ನೋದೂ ಅವರಿಗೆ ಗೊತ್ತು.

ಅದೇ ಮನೆಯ ಮಗುವಿಗೆ ಜಾಗ ಸಿಗ್ತಿದೆಯಾ ಅನ್ನೋದು ಪ್ರಶ್ನೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವವರೆಗಿನ ಒಂದು ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಆ ವಾರದಲ್ಲೇ ಬೇಕು. ಹುಳು ಮನೆಗೆ ಮಗುವನ್ನು ಬಿಡುವ ಹಾಗಿಲ್ಲ. ಸೋಂಕು ನಿವಾರಕ ಪುಡಿ, ಔಷಧಿ ಇರುತ್ತೆ. ಮಾವಿನ ಕೊಯ್ಲಿನ ಕಾಲದಲ್ಲೂ ಇದೇ ಅವಸರ. ಹೊರಗೆ ಬಿಡೋಣ ಅಂದ್ರೆ ರಸ್ತೆಯಲ್ಲಿ ಟಿಪ್ಪರ್, ತೋಟದ ಅಂಚಿನಲ್ಲಿ ಚಿರತೆ, ಆನೆ ಭಯ, ಅಲ್ಲಲ್ಲಿ ಕೃಷಿ ಹೊಂಡ. ಹಾಗಾಗಿ ಮಗು ಜೋಲಿಯಲ್ಲೋ, ಅಜ್ಜಿ ಮಡಿಲಲ್ಲೋ, ಮೊಬೈಲ್ ಮುಂದೆಯೋ ಕೂರುತ್ತೆ. ತಾಯಿಯದ್ದು ತಪ್ಪು ಅಂತ ಹೇಳೋಕೆ ಆಗಲ್ಲ. ಇಡೀ ಊರಲ್ಲಿ ಮಗು ಸುರಕ್ಷಿತವಾಗಿ ಓಡಾಡುವ ಜಾಗ ಎಲ್ಲಿದೆ ಅಂತ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡುತ್ತ, ಆಡುತ್ತ ಇರಬೇಕು. 3–4 ವರ್ಷದವರಿಗೆ ಅದರಲ್ಲಿ 60 ನಿಮಿಷ ಉಸಿರು ಏರುವಂಥ ಆಟ. ಒಂದೇ ಕಡೆ ಕಟ್ಟಿಹಾಕಿದ ಹಾಗೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು. ಎರಡು ವರ್ಷದೊಳಗೆ ಮೊಬೈಲ್, ಟಿ.ವಿ. ಬೇಡ, ಆಮೇಲೂ ಒಂದು ಗಂಟೆ ಮೀರಬಾರದು. ಮೂರು ಗಂಟೆ ಅಂದ್ರೆ ಜಾಸ್ತಿ ಅನ್ನಿಸಬಹುದು. ಆದರೆ ಅದು ಒಟ್ಟಿಗೆ ಅಲ್ಲ, ದಿನವಿಡೀ ಹತ್ತು ಹತ್ತು ನಿಮಿಷ ಸೇರಿ.

ಚನ್ನಪಟ್ಟಣದ ಗಾಡಿ, ಪೇಟೆಯ ವಾಕರ್

ಮಗು ಬೇಗ ನಡೆಯಲಿ ಅಂತ ಪ್ಲಾಸ್ಟಿಕ್ ವಾಕರ್ ತರುವ ಮನೆಗಳು ಹಳ್ಳಿಯಲ್ಲೂ ಇವೆ. ನಡುವೆ ಕೂರಿಸಿ ಕೆಳಗೆ ಚಕ್ರ ಇರುವ ಈ ವಾಕರ್‌ನಿಂದ ನಡಿಗೆ ಬೇಗ ಬರಲ್ಲ. ಮಗು ಸಮತೋಲನ ಕಲಿಯಲ್ಲ, ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತೆ. ಮೆಟ್ಟಿಲಿಂದ ಉರುಳುವ, ಒಲೆ ಬಳಿಗೆ ಹೋಗುವ ಅಪಾಯ ಬೇರೆ. ಕೆನಡಾ 2004ರಲ್ಲೇ ಇವುಗಳ ಮಾರಾಟ ನಿಷೇಧಿಸಿತು.

ಇಲ್ಲಿಂದ ಸ್ವಲ್ಪ ದೂರದ ಚನ್ನಪಟ್ಟಣದಲ್ಲಿ ಮರದಲ್ಲಿ ಮಾಡಿ ಅರಗಿನ ಬಣ್ಣ ಹಾಕಿದ ತಳ್ಳುವ ಗಾಡಿ ಸಿಗುತ್ತೆ. ಅದರಲ್ಲಿ ಮಗು ಕೂರಲ್ಲ. ತಾನೇ ಎದ್ದು ನಿಂತು, ಹಿಡಿದು, ತಳ್ಳಬೇಕು. ಮೈಭಾರ ತನ್ನ ಕಾಲ ಮೇಲೇ ಇರುತ್ತೆ. ಗಾಡಿ ಇಲ್ಲದವರಿಗೆ ಬೋರಲು ಹಾಕಿದ ಸ್ಟೂಲ್ ಸಾಕು.

ಊಟದ ಜೊತೆ ಆಟ

ಊಟ ಕೊಟ್ಟರೆ ಸಾಲದಾ, ಆಟ ಯಾಕೆ ಅನ್ನುವವರಿಗೆ ಜಮೈಕಾದ ಒಂದು ಉದಾಹರಣೆ ಇದೆ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1980ರ ದಶಕದಲ್ಲಿ, ಬೆಳವಣಿಗೆ ಕುಂಠಿತವಾದ 9ರಿಂದ 24 ತಿಂಗಳಿನ 129 ಮಕ್ಕಳನ್ನು ಆರಿಸಿ ಎರಡು ವರ್ಷ ಗಮನಿಸಿದರು. ಕೆಲವರಿಗೆ ವಾರಕ್ಕೆ ಒಂದು ಕೆ.ಜಿ. ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಕಾರ್ಯಕರ್ತೆ ಹೋಗಿ ತಾಯಿಗೆ ಮಗು ಜೊತೆ ಆಡೋದು ಹೇಗೆ ಅಂತ ತೋರಿಸ್ತಿದ್ದರು. ಕೆಲವರಿಗೆ ಎರಡೂ. ಕೆಲವರಿಗೆ ಯಾವುದೂ ಇಲ್ಲ. ಹಾಲಿನಿಂದಲೂ ಬೆಳವಣಿಗೆ ಸುಧಾರಿಸಿತು, ಆಟದಿಂದಲೂ ಸುಧಾರಿಸಿತು. ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದೆ ಹೋದರು. ಇಪ್ಪತ್ತು ವರ್ಷದ ಮೇಲೆ ಮತ್ತೆ ಹುಡುಕಿ ನೋಡಿದಾಗ, ಆಟ ಸಿಕ್ಕವರ ದುಡಿಮೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ಹಾಲು, ಮೊಟ್ಟೆ, ಆಹಾರ ಪೊಟ್ಟಣಕ್ಕೆ ವ್ಯವಸ್ಥೆ ಇದೆ. ಆ ಪೊಟ್ಟಣ ಕೊಡುವಾಗಲೇ ಎರಡು ನಿಮಿಷ ಆಟ ತೋರಿಸುವುದಕ್ಕೂ ವ್ಯವಸ್ಥೆ ಆಗಬಾರದಾ?

ಹೊಸ ರಿಜಿಸ್ಟರ್ ಬೇಡ

ಇಷ್ಟು ಹೇಳಿದ ತಕ್ಷಣ ಅಂಗನವಾಡಿ ಕಾರ್ಯಕರ್ತೆಯರ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸೋದು ಸುಲಭ. ಈಗಲೇ ಅವರಿಗೆ ಸಮೀಕ್ಷೆ, ಮತದಾರರ ಪಟ್ಟಿ, ಸಭೆ ಅಂತ ಮುಗಿಯದಷ್ಟಿದೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತು ಹಿಡಿಯುವುದೂ ಕಡ್ಡಾಯ ಆಯ್ತು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ತಾಯಿ ಮುಖಕ್ಕೆ ಮೊಬೈಲ್ ಹಿಡಿದು ನಿಲ್ಲುವುದರಲ್ಲೇ ಟೀಚರ್ ಸಮಯ ಹೋಗ್ತಿದೆ. ಮಗುವಿನ ಮುಖ ನೋಡೋಕೆ ಪುರುಸೊತ್ತೆಲ್ಲಿ?

ಹೊಸದಾಗಿ ಮಾಡಬೇಕಾದ್ದೂ ಹೆಚ್ಚಿಲ್ಲ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಪುಟಗಳಿವೆ. ಚುಚ್ಚುಮದ್ದಿನ ಪುಟ ಮಾತ್ರ ತುಂಬುತ್ತೆ, ಆ ಪುಟ ಖಾಲಿ ಉಳಿಯುತ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬವೂ ಅದರಲ್ಲಿ ಸೇರಿದೆ. ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 'ನವಚೇತನ' ಎಂಬ ಮಾರ್ಗಸೂಚಿಯನ್ನೇ ತಂದಿದೆ. ಮನೆಯಲ್ಲಿ, ಅಂಗನವಾಡಿಯಲ್ಲಿ ಮಗು ಜೊತೆ ಏನೇನು ಆಟ ಆಡಬಹುದು ಅಂತ ಅದರಲ್ಲಿ ತಿಂಗಳ ಲೆಕ್ಕದಲ್ಲಿದೆ. ಕಾಗದದಲ್ಲಿ ಎಲ್ಲ ಇದೆ. ತೂಕದ ದಿನದ ಹತ್ತು ನಿಮಿಷಕ್ಕೆ ಅದು ಇಳಿದು ಬಂದಿಲ್ಲ, ಅಷ್ಟೇ.

ಕೈಲಾಂಚದಲ್ಲಿ ಏನು ಮಾಡಬಹುದು?

ತೂಕದ ದಿನ ಮಗುವನ್ನು ಸೊಂಟದಿಂದ ಇಳಿಸುವುದು ಮೊದಲ ಕೆಲಸ. ಬಾಗಿಲಿಂದ ತಕ್ಕಡಿವರೆಗೆ ನಡೆಯಬಲ್ಲ ಮಗು ನಡೆದೇ ಬರಲಿ. ಒಂದು ಚೆಂಡು, ಒಂದು ಮೆಟ್ಟಿಲು, ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ ಸಾಕು. ಒದೆಯುತ್ತಾ, ಹತ್ತುತ್ತಾ, ಗೆರೆ ದಾಟಿ ನೆಗೆಯುತ್ತಾ ಅಂತ ನೋಡಿ ತಾಯಿ ಕಾರ್ಡಿನಲ್ಲೇ ಗುರುತು ಹಾಕಬಹುದು. ಎರಡು ನಿಮಿಷದ ಕೆಲಸ. ಸರದಿಯಲ್ಲಿ ಕಾಯುವ ಹೊತ್ತಿನಲ್ಲಿ ಸಹಾಯಕಿ ಅಥವಾ ಆಶಾ ಕಾರ್ಯಕರ್ತೆ ಇದನ್ನು ನೋಡಿಕೊಂಡರೆ ಟೀಚರ್ ಮೇಲೆ ಹೊರೆ ಬೀಳಲ್ಲ.

ಎರಡನೆಯದು ಪಂಚಾಯಿತಿ ಕೆಲಸ. ಅಂಗನವಾಡಿಗೆ ಕಾಂಪೌಂಡ್, ಗೇಟು, ನೆರಳು ಇರುವ ಅಂಗಳ ಬೇಕು. ಸಂಜೆ ಹೊತ್ತು ಆ ಅಂಗಳ ಊರಿನ ಸಣ್ಣ ಮಕ್ಕಳಿಗೆ ತೆರೆದಿರಲಿ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರಲ್ಲಿ ಘೋಷಿಸಿದ 'ಕೂಸಿನ ಮನೆ' ಇರುವ ಕಡೆ, ಮಗು ಅಲ್ಲಿ ಮಲಗುವುದು ಎಷ್ಟು, ಆಡುವುದು ಎಷ್ಟು ಅಂತ ಗ್ರಾಮಸಭೆಯಲ್ಲಿ ಕೇಳಬೇಕು. ರೇಷ್ಮೆ ಬೆಳೆಯ ಕೊನೆ ವಾರ, ಮಾವಿನ ಕೊಯ್ಲಿನ ಕಾಲದಲ್ಲಿ ಅಂಥ ಜಾಗ ಎಲ್ಲ ತಾಯಂದಿರಿಗೂ ಬೇಕು.

ಮೂರನೆಯದು ಮನೆ ಕೆಲಸ. ವಾರಕ್ಕೆ ಎರಡು ಸಲ ಒಂದು ಮಿಲಿ ಲೀಟರ್ ಕಬ್ಬಿಣಾಂಶದ ಸಿರಪ್ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಉಚಿತವಾಗಿ ಕೊಡುವ ಕಾರ್ಯಕ್ರಮ ಇದೆ. ಆಶಾ ಅಕ್ಕನನ್ನು ಕೇಳಿ ಪಡೆದು, ಮರೆಯದೆ ಹಾಕಬೇಕು. ಸಂಜೆ ಮನೆಗೆ ಬಂದ ಅಪ್ಪ ಅರ್ಧ ಗಂಟೆ ಮೊಬೈಲ್ ಪಕ್ಕಕ್ಕಿಟ್ಟು ಮಗು ಹಿಂದೆ ಓಡಿದರೆ ಅವರಿಬ್ಬರಿಗೂ ಒಳ್ಳೆಯದು.

ಕೊನೆಯದಾಗಿ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾದ ಸಂದರ್ಭಗಳು: ಒಂಬತ್ತೂವರೆ ತಿಂಗಳಾದರೂ ಆಸರೆ ಇಲ್ಲದೆ ಕೂರದ ಮಗು. ಒಂದೂವರೆ ವರ್ಷವಾದರೂ ನಡೆಯದ ಮಗು. ಒಂದೇ ಕೈ, ಒಂದೇ ಕಾಲು ಬಳಸುವ ಮಗು. ಮೈ ತೀರಾ ಬಿಗಿ ಅಥವಾ ತೀರಾ ಸಡಿಲ ಇರುವ ಮಗು. ನಿನ್ನೆವರೆಗೆ ಮಾಡ್ತಿದ್ದುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ಮಗು. ಎರಡು ಹೆಜ್ಜೆಗೇ ಏದುಸಿರು ಬಿಡುವ ಮಗು. ತೂಕ ಹಸಿರಿನಲ್ಲಿದೆ ಅನ್ನೋದು ಇಲ್ಲಿ ಸಮಾಧಾನ ಆಗಬಾರದು.

ಮೂರು ವರ್ಷ ತುಂಬಿದ ಮಗು ದಿನಾ ಅಂಗನವಾಡಿಗೆ ಬರುತ್ತೆ, ಟೀಚರ್ ಕಣ್ಣ ಮುಂದೆಯೇ ಆಡುತ್ತೆ. ಅದಕ್ಕಿಂತ ಚಿಕ್ಕ ಮಗುವಿಗೆ ಸಿಗೋದು ತಿಂಗಳಿಗೆ ಹತ್ತು ನಿಮಿಷ, ಒಂದರಿಂದ ಮೂರು ವರ್ಷದ ನಡುವೆ ಒಟ್ಟು 24 ಸಲ. ಈ 24 ಸಲದಲ್ಲಿ ಒಮ್ಮೆಯಾದರೂ ಯಾರಾದರೂ ಮಗುವನ್ನು ಕೆಳಗಿಳಿಸಿ, ನಡೆಯೋದನ್ನು ನೋಡಿದ್ದರೆ ಗೋಡೆ ಹಿಡಿದು ನಿಂತ ಆ ಹುಡುಗ ಮೂರು ವರ್ಷದವರೆಗೆ ಕಾಯಬೇಕಾಗಿರಲಿಲ್ಲ. ಮುಂದಿನ ತೂಕದ ದಿನ ಕೈಲಾಂಚದ ತಾಯಂದಿರೇ ಟೀಚರ್‌ನ ಕೇಳಬಹುದು: "ತೂಕ ಆಯ್ತಲ್ಲ ಟೀಚರ್, ಇವನು ನಡೆಯೋದೂ ಸ್ವಲ್ಪ ನೋಡ್ತೀರಾ?"